ಗಂಜಿ ಹಾಕಿದ ಪಂಚೆ, ಸಾಸಿವೆ ನೀರು

ಆ ಭಾನುವಾರ ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿ ಡಿಕಾಕ್ಷನ್ ಇಳಿಸಿದೆ. ಅತ್ತೆಯವರಿಗೆ ಮಾತ್ರೆ ಕೊಟ್ಟೆ. ನೀರು ಬಿಟ್ಟಿದ್ದರು, ಕೊಡ ಬಕೆಟ್ಟುಗಳನ್ನೆಲ್ಲ ತುಂಬಿಸಿದೆ. ಮಾರನೆಯ ದಿನದ ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ಮೊಸರನ್ನ ಕಲಸಿ ಡಬ್ಬಿಗೆ ತುಂಬಿ ಮೇಲೆ ನಿಂಬೆಕಾಯಿ ಉಪ್ಪಿನಕಾಯಿ ಇಟ್ಟೆ. ಸಾಸಿವೆಯನ್ನು ಹುರಿಯದೆ ಹಸಿಯಾಗಿಯೇ ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿದೆ. ಆಮೇಲೆ ಜಾರು ತೊಳೆಯುವಾಗ ಘಾಟು ಮೂಗಿಗೇರಿ ಕಿಟಕಿ ತೆರೆಯಬೇಕಾಯಿತು. ಎರಡು ಗಾಜಿನ ಲೋಟ, ಟೀ ಸೋಸುವ ಎರಡು ಜಾಲರಿ, ಬಿಳಿ ಬೋಗುಣಿ, ಹಳೆಯ ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿದೆ.

ಅತ್ತೆ ಊಟದ ಮೇಜಿನ ಹತ್ತಿರ ಕೂತು ನೋಡುತ್ತಿದ್ದರು.

"ಇಷ್ಟೊಂದು ಸಾಸಿವೆ ಯಾರಿಗಮ್ಮ?"

"ಎರೆಹುಳಕ್ಕೆ ಅತ್ತೆ. ನೀರಲ್ಲಿ ಕಲಸಿ ಗುಂಡಿಗೆ ಹೊಯ್ದ್ರೆ ಮೈ ಉರಿದು ಮೇಲೆ ಬರ್ತವಂತೆ. ಎಣಿಸಿ, ತೊಳೆದು, ವಾಪಸ್ ಬಿಡ್ತಾರೆ."

"ಎಣಿಸಿ ಏನ್ಮಾಡ್ತಾರೆ, ರೇಷನ್ ಕಾರ್ಡ್ ಮಾಡಿಸ್ತಾರಾ?"

ಎದುರು ಮನೆಯವರಿಗೆ ಬೀಗದ ಕೈ ಕೊಟ್ಟು, ಅತ್ತೆಯವರನ್ನು ಮಧ್ಯಾಹ್ನ ಒಮ್ಮೆ ನೋಡಿಕೊಳ್ಳಿ ಎಂದು ಹೇಳಿ, ನಾನು, ನನ್ನ ಗಂಡ, ಮಗಳು ಪೆರಂಬೂರಿನ ಸ್ಟೇಷನ್ನಿಗೆ ಹೊರಟೆವು.

ನನ್ನ ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ನಿವೃತ್ತರಾದ ಹೊಸದರಲ್ಲಿ ಅವರಿಗೆ ಮನೆಯೇ ವರ್ಕ್‌ಶಾಪ್ ಆಯಿತು. ಕುಕ್ಕರ್ ಕೂಗಲು ಯಾಕೆ ತಡ, ಫ್ರಿಜ್ಜಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತೀಯ, ಒಗ್ಗರಣೆ ಸೌಟಿನ ಹಿಡಿ ಯಾಕೆ ಸಡಿಲ, ಎಲ್ಲವನ್ನೂ ವಿಚಾರಿಸುತ್ತಿದ್ದರು. ಕುಕ್ಕರಿನ ಗ್ಯಾಸ್ಕೆಟ್ ಬಿಚ್ಚಿ ಪರೀಕ್ಷಿಸಿದ ದಿನ ನಾವು ಹೋಟೆಲಿನಿಂದ ಇಡ್ಲಿ ತರಿಸಿಕೊಂಡೆವು. ಆಗ ಹಿಂದಿನ ಬೀದಿಯ ಒಬ್ಬರು ಜೊತೆಯಾದರು. ವಿಮಾ ಕಚೇರಿಯಿಂದ ನಿವೃತ್ತರಾದವರು. ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇರುವ ಕನ್ನಡದ ಮನೆ, ಮಾತಿನಲ್ಲಿ ಅರ್ಧ ತಮಿಳು. ಇಬ್ಬರೂ ಒಬ್ಬರನ್ನೊಬ್ಬರು 'ಸಾರ್' ಎಂದೇ ಕರೆಯುತ್ತಾರೆ. ಇಬ್ಬರೂ ಸೇರಿ ತಿರುವಳ್ಳೂರಿನ ಆಚೆ ಒಂದಿಷ್ಟು ಜಮೀನನ್ನು ಗುತ್ತಿಗೆಗೆ ಹಿಡಿದು, ನಡುವೆ ಇದ್ದ ಬದುವನ್ನೇ ಗಡಿ ಮಾಡಿಕೊಂಡು ಹಂಚಿಕೊಂಡರು. ಇವರ ಪಾಲಿಗೆ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ಕೊಳೆಸಿದ ಜೀವಾಮೃತ. ಆ ಗೆಳೆಯರ ಪಾಲಿಗೆ ಯೂರಿಯಾ ಮೂಟೆ. ಬೆಳೆ ಇಬ್ಬರದೂ ಒಂದೇ: ಬೆಂಡೆ, ಬದನೆ. ವಾರದಲ್ಲಿ ಮೂರು ದಿನ ಲೋಕಲ್ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಆ ಮೂರು ದಿನ ನನ್ನ ಕುಕ್ಕರ್ ತನ್ನ ಪಾಡಿಗೆ ತಾನು ಕೂಗುತ್ತಿತ್ತು.

ಜಮೀನಿನ ಯಜಮಾನಿ ತ್ರಿಪ್ಲಿಕೇನಿನಲ್ಲಿರುವ ವಯಸ್ಸಾದ ಹೆಂಗಸು. ಮೋಟಾರ್ ಇರುವುದು ಒಂದು. ಇವತ್ತು ನೀರಿನ ಸರದಿ ನನ್ನದು, ನಿನ್ನದು ಎಂದು ಇಬ್ಬರೂ ಬೇರೆ ಬೇರೆ ಫೋನ್ ಮಾಡಿ ಆಕೆಗೆ ಸಾಕಾಗಿ ಹೋಗಿತ್ತು. ಮುಂದಿನ ವರ್ಷಕ್ಕೆ ಕೊಡುವುದಾದರೆ ಒಂದೇ ತುಂಡಾಗಿ, ಒಂದೇ ರೀತಿಯ ಬೇಸಾಯಕ್ಕೆ ಕೊಡುತ್ತೇನೆ. ನೀವಿಬ್ಬರೂ ಒಪ್ಪದಿದ್ದರೆ ನರ್ಸರಿ ಇಡುವವನೊಬ್ಬ ಕೇಳುತ್ತಿದ್ದಾನೆ ಎಂದುಬಿಟ್ಟರು. ಆ ಭಾನುವಾರ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

"ಯೂರಿಯಾ ಹಾಕೋದಾದ್ರೆ ನಾನು ಬರಲ್ಲ" ಎಂದು ಇವರು ಮೊದಲೇ ಹೇಳಿದ್ದರು. ಇವರು ಹೇಳಿದರೆ ಹೇಳಿದ್ದೇ. ವರ್ಕ್‌ಶಾಪಿನ ಕ್ಯಾಂಟೀನಿನ ಉಪ್ಪಿಟ್ಟು ತಿನ್ನುವುದಿಲ್ಲ ಎಂದು ಎಂದೋ ಹೇಳಿದವರು ನಿವೃತ್ತರಾಗುವವರೆಗೂ ಅದನ್ನು ಮುಟ್ಟಲಿಲ್ಲ. ಹಾಗಾಗಿ ಯೂರಿಯಾ ಗೆದ್ದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ವಾರದ ಏಳು ದಿನವೂ ಇವರು ಮನೆಯಲ್ಲಿ, ಗ್ಯಾಸ್ಕೆಟ್ಟಿನ ಎದುರು.

ಮಣ್ಣನ್ನೇ ಕೇಳೋಣ ಎಂದವಳು ಮಗಳು. ಅವಳು ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಹತ್ತಿ ಬಟ್ಟೆಯ ತುಂಡುಗಳನ್ನು ಎರಡೂ ಪಾಲಿನಲ್ಲಿ ಒಂದೇ ಆಳಕ್ಕೆ ಹೂಳಿ, ಕೆಲವು ವಾರ ಬಿಟ್ಟು ತೆಗೆದು ನೋಡಿ. ಮಣ್ಣಿನಲ್ಲಿ ಜೀವ ಎಷ್ಟಿದೆಯೋ ಬಟ್ಟೆ ಅಷ್ಟು ಕರಗಿರುತ್ತದೆ ಎಂದಳು. ಅದು ಇಬ್ಬರಿಗೂ ಒಪ್ಪಿಗೆಯಾಯಿತು. ಇವರು ತಮ್ಮ ಹಳೆಯ ಪಂಚೆಯೊಂದನ್ನು ಹಜಾರದಲ್ಲಿ ಹರಡಿ, ಸ್ಕೇಲ್ ಇಟ್ಟು ಗೆರೆ ಎಳೆದು, ಒಂದೇ ಅಳತೆಗೆ ಹರಿದರು. ಅರ್ಧ ತುಂಡುಗಳನ್ನು ಗೆಳೆಯರು ಅಂದೇ ತೆಗೆದುಕೊಂಡು ಹೋದರು. ಇವರ ತುಂಡುಗಳು ಕುರ್ಚಿಯ ಮೇಲೆ ಉಳಿದವು.

ಮುಂಗಾರು ಇಲ್ಲಿ ಅಷ್ಟಕ್ಕಷ್ಟೆ; ಈ ಊರಿಗೆ ಮಳೆ ದೀಪಾವಳಿಯ ಕಡೆಗೆ. ಆ ಮಳೆಯ ಹಸಿಯಲ್ಲಿ ಬಟ್ಟೆ ಹೂಳಿ, ಪೊಂಗಲ್ ಮುಗಿದ ಮೇಲೆ ತೆಗೆದರು. ಗೆಳೆಯರ ಪಾಲಿನ ತುಂಡುಗಳು ಕಲೆಯಾಗಿದ್ದವು, ಅಲ್ಲಲ್ಲಿ ತೂತು ಬಿದ್ದಿದ್ದವು. ಇವರ ಪಾಲಿನಲ್ಲಿ ಸಿಕ್ಕಿದ್ದು ಅಂಚಿನ ಜರಿಯಂಥ ಒಂದೆರಡು ಎಳೆ, ಅಷ್ಟೆ. ಗೆಳೆಯರು ಬದುವಿನ ಮೇಲೆ ನಿಂತೇ, "ಸರಿ ಸಾರ್, ನೀವೇ ಗೆದ್ರಿ, ಮುಂದಿನ ವರ್ಷ ಎಲ್ಲಾ ನಿಮ್ಮ ಕಷಾಯವೇ" ಎಂದರಂತೆ.

ಇವರು ಆ ಎಳೆಗಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಬಂದು ಊಟದ ಹೊತ್ತಿಗೆ ಎಲ್ಲರಿಗೂ ತೋರಿಸಿದರು. ಮಗಳು ಕನ್ನಡಕ ಏರಿಸಿ ನೋಡಿದಳು. ಅತ್ತೆಯೂ ಬಗ್ಗಿ ನೋಡಿದರು.

"ಇದು ನಿನ್ನ ಪಂಚೆ ತುಂಡಲ್ವೇನೋ? ಅಯ್ಯೋ, ಎಷ್ಟು ಚೆನ್ನಾಗಿ ಗಂಜಿ ಹಾಕಿದ್ದೆ."

"ಯಾವಾಗಮ್ಮ?"

"ಕುರ್ಚಿ ಮೇಲೆ ಬಿದ್ದಿತ್ತಲ್ಲೋ, ಮುದುರಿಕೊಂಡು. ಕರವಸ್ತ್ರಕ್ಕೆ ಹರಿದಿದ್ದೀಯ ಅಂದ್ಕೊಂಡೆ. ಗಟ್ಟಿ ಗಂಜೀಲಿ ಅದ್ದಿ, ಒಣಗಿಸಿ, ಮಡಿಸಿ ಇಟ್ಟೆ. ನೀನೇ ತಾನೆ ತಗೊಂಡು ಹೋಗಿದ್ದು?"

ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆಯವರಿಗೆ ಈಗ ಅಡುಗೆ ಆಗುವುದಿಲ್ಲ, ಕಸೂತಿಗೆ ಕಣ್ಣು ಸಾಲದು. ಉಳಿದಿರುವುದು ಗಂಜಿ ಒಂದೇ. ಅನ್ನ ಬಸಿದ ಗಂಜಿಗಾಗಿ ನಾನು ವಾರಕ್ಕೊಮ್ಮೆ ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಅನ್ನ ಮಾಡುತ್ತೇನೆ. ನಮ್ಮ ಮನೆಯಲ್ಲಿ ದಿಂಬಿನ ಚೀಲಕ್ಕೂ ಗಂಜಿ, ಕರವಸ್ತ್ರಕ್ಕೂ ಗಂಜಿ. ಬಟ್ಟೆ ಮೆತ್ತಗಿದ್ದರೆ ಇವರು 'ಯಾರದಿದು' ಎಂದು ಕೇಳಿಯಾರು. ಹಪ್ಪಳದ ಹಾಗೆ ಗರಿಗರಿಯಾಗಿದ್ದರೆ ತಮ್ಮದೇ ಎಂದು ಎತ್ತಿಕೊಂಡು ಹೋಗುತ್ತಾರೆ. ಹಾಗೆಯೇ ಎತ್ತಿಕೊಂಡು ಹೋಗಿ ಹೂಳಿದ್ದರು.

ಮಗಳು ನಗು ತಡೆಯಲಾರದೆ ನೀರಿನ ಲೋಟ ಕೆಳಗಿಟ್ಟಳು. "ಅಪ್ಪಾ, ಇದು ಸೆಲ್ಲಾದು, ಲೆಕ್ಕಕ್ಕೇ ಬರಲ್ಲ!"

"ಯಾಕೆ ಬರಲ್ಲ? ಗಂಜಿ ಅಂದ್ರೆ ಏನು, ಅನ್ನದ ತಿಳಿ. ಒಂದು ಮಳೆಗೆ ತೊಳ್ದು ಹೋಗತ್ತೆ."

"ಅನ್ನ ತಾನೇಪ್ಪಾ! ಊಟ ಬಡಿಸಿಬಿಟ್ಟು ಆಮೇಲೆ ಹಸಿವು ಎಷ್ಟಿದೆ ಅಂತ ಅಳೀತೀರಾ? ಗೆದ್ದಲು, ಬೂಸ್ಟು ಎಲ್ಲಾ ಮೊದಲು ಗಂಜಿಗೇ ಬರೋದು."

"ಹುಳಗಳಿಗೆ ನನ್ನ ಕೈರುಚಿ ಹಿಡಿಸ್ತು ಅನ್ನು" ಎಂದರು ಅತ್ತೆ. ಅವರಿಗೆ ಮಿಕ್ಕ ವಿಷಯ ತಿಳಿದಿರಲಿಲ್ಲ. ಸಂತೋಷದಲ್ಲಿಯೇ ಸಾರು ಬಡಿಸಿಕೊಂಡರು.

ಇವರು ತಟ್ಟೆಯಲ್ಲಿದ್ದ ಎಳೆಗಳನ್ನು ಬೆರಳಿನಿಂದ ಒತ್ತಟ್ಟಿಗೆ ಸರಿಸಿದರು. ಆ ರಾತ್ರಿ ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೇಳದೆ ಇದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ, ಗೆಳೆಯರು ಸೋಲೊಪ್ಪಿಯಾಗಿತ್ತು. ಮಾರನೆಯ ದಿನ ಸಂಜೆ ಅವರು ಕಾಫಿಗೆ ಬಂದರು. ಇವರು ಅವರ ಕೈಗೆ ಲೋಟ ಕೊಡುವುದಕ್ಕೆ ಮೊದಲೇ ಹೇಳಿಬಿಟ್ಟರು.

"ಸಾರ್, ನನ್ನ ಬಟ್ಟೆಗೆ ಗಂಜಿ ಹಾಕಿತ್ತು. ಅಮ್ಮ ಹಾಕಿದ್ರು. ನಿಮ್ಮದಕ್ಕೆ ಇರ್ಲಿಲ್ಲ."

ಗೆಳೆಯರು ಒಂದು ನಿಮಿಷ ಇವರ ಮುಖ, ಒಂದು ನಿಮಿಷ ಅತ್ತೆಯ ಮುಖ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಅಪ್ಪಡಿಯಾ! ಏನ್ ಸಾರ್, ಮಣ್ಣಿಗೇ ಕಂಜಿ ಕುಡಿಸಿಬಿಟ್ರಾ! ನಾನು ಮೂಟೆ ಮೂಟೆ ಯೂರಿಯಾ ಹೊತ್ತು ಸಾಯ್ತಿದ್ದೆ, ಅಮ್ಮನ್ನ ಒಂದು ಮಾತು ಕೇಳಬಾರದಾಗಿತ್ತಾ?" ನಗು ನಿಂತ ಮೇಲೆ ಕಾಫಿ ಕುಡಿದು, "ಹಾಗಾದ್ರೆ ನಾನು ಸೋತಿದ್ದು ಕ್ಯಾನ್ಸಲ್ ಸಾರ್" ಎಂದರು.

"ಕ್ಯಾನ್ಸಲ್" ಎಂದರು ಇವರು.

ಮತ್ತೆ ಬಟ್ಟೆ ಹೂಳಿ ಕಾಯುವಷ್ಟು ಸಮಯ ಇರಲಿಲ್ಲ. ಅದಕ್ಕೇ ಸಾಸಿವೆ.

ರೈಲು ಆವಡಿ ದಾಟುವವರೆಗೂ ನಿಂತೇ ಹೋದೆವು. ಸ್ಟೇಷನ್ನಿನಲ್ಲಿ ಜೊತೆಯಾದ ಗೆಳೆಯರು ಬಾಗಿಲ ಹತ್ತಿರ ಸಲಿಕೆಯನ್ನು ಗೋಣಿಯಲ್ಲಿ ಸುತ್ತಿ ಹಿಡಿದುಕೊಂಡಿದ್ದರು. ಮಲ್ಲಿಗೆ ಮಾರುವವಳು ನನ್ನ ಚೀಲದ ಜಾಲರಿ ನೋಡಿ, ಟೀ ಅಂಗಡಿಯಾ ಅಕ್ಕ, ಎಂದು ತಮಿಳಿನಲ್ಲಿ ಕೇಳಿದಳು. ತಿರುವಳ್ಳೂರಿನಲ್ಲಿ ಇಳಿದು ಷೇರ್ ಆಟೋ ಹತ್ತಿದೆವು.

ನಾನು ಆ ಜಮೀನಿಗೆ ಹೋದದ್ದು ಅದೇ ಎರಡನೆಯ ಸಲ. ಎರಡು ಪಾಲಿಗೂ ನೋಡುವುದಕ್ಕೆ ಅಷ್ಟೇನೂ ವ್ಯತ್ಯಾಸವಿರಲಿಲ್ಲ. ಇವರ ಪಾಲು ಮಾತ್ರ ಸಾರಿಸಿ ರಂಗೋಲಿ ಹಾಕುವ ಅಂಗಳದಂತೆ ಚೊಕ್ಕಟವಾಗಿತ್ತು. ಸಾಲಿನ ನಡುವೆ ಒಂದು ಹುಲ್ಲೆಸಳಿಲ್ಲ, ಒಂದು ಒಣಗಿದ ಎಲೆಯಿಲ್ಲ. ಪ್ರತಿ ಬೆಳೆಗೂ ಮುಂಚೆ ಇಬ್ಬರೂ ಉಳುವ ಟಿಲ್ಲರ್ ತರಿಸಿ ಎರಡೆರಡು ಸಲ ಹೊಡೆಸುತ್ತಿದ್ದರು. ಮಣ್ಣು ಜರಡಿ ಹಿಡಿದಂತಿತ್ತು. ನಡುವಿನ ಬದುವಿನ ಮೇಲೆ ಹುಲ್ಲು, ಯಾರೂ ನೆಡದ ತುಂಬೆ ಗಿಡ, ಕಿತ್ತು ಎಸೆದ ಕಳೆ.

ಮಗಳು ಇಬ್ಬರ ಪಾಲಿನಲ್ಲೂ ಒಂದೊಂದು ಜಾಗ ಗುರುತು ಮಾಡಿದಳು. ಗೇಣಗಲ ಚೌಕ, ಗೇಣಾಳ. ಗೆಳೆಯರು ಅಗೆದರು. ತೆಗೆದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ನಾನೂ ಅವಳೂ ಕೂತು ಬೆರಳಾಡಿಸಿದೆವು. ಕಾಲಾಂತರದಲ್ಲಿ ಬಿಟ್ಟುಹೋದ ಕೆಲಸ ಅದು. ಈಗ ಅಕ್ಕಿ ಸೋಸಿಯೇ ಬರುತ್ತದಲ್ಲ. ಬೆರಳಿಗೆ ಅದರ ನೆನಪಿತ್ತು. ಗುಂಡಿಗೆ ಸಾಸಿವೆ ನೀರು ಹೊಯ್ದು ಕಾದೆವು.

ಗೆಳೆಯರ ಗುಂಡಿಯಲ್ಲಿ ಎರಡು ಹುಳ ಬಂದವು. ಒಂದು ದಪ್ಪ, ಒಂದು ದಾರದಂಥದ್ದು. ಮಗಳು ಎತ್ತಿ ಬೋಗುಣಿಯ ನೀರಿನಲ್ಲಿ ತೊಳೆದು ಪಕ್ಕದ ಹಸಿ ಮಣ್ಣಿಗೆ ಬಿಟ್ಟಳು.

"ಇರೋದೇ ಎರಡು ಸಾರ್, ಗಂಡ ಹೆಂಡ್ತಿ" ಎಂದರು ಗೆಳೆಯರು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಇಂಥ ಮಾತುಗಳನ್ನು ಅವರೇ ಆಡುತ್ತಾರೆ, ನಾವು ಆಡುವುದಿಲ್ಲ.

ಇವರ ಗುಂಡಿಯಲ್ಲಿ ಮೂರು. ನಾಲ್ಕನೆಯದು ಅಂದುಕೊಂಡದ್ದು ಬೇರು.

ಇವರು ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತೇ ಇದ್ದರು. "ಇನ್ನೂ ಸ್ವಲ್ಪ ಹೊಯ್ಯಿ" ಎಂದರು. ಮಗಳು ಹೊಯ್ದಳು. ಏನೂ ಬರಲಿಲ್ಲ.

ಜಾಲರಿಯ ಕೆಲಸವೂ ಆಯಿತು. ಎರಡು ಪಾಲಿನಿಂದ ಒಂದೊಂದು ಒಣ ಹೆಂಟೆಯನ್ನು ಜಾಲರಿಯಲ್ಲಿಟ್ಟು ಲೋಟದ ನೀರಿನಲ್ಲಿ ಮುಳುಗಿಸುವುದು. ಮಣ್ಣು ಚೆನ್ನಾಗಿದ್ದರೆ ಹೆಂಟೆ ಕರಗದೆ ನಿಲ್ಲುತ್ತದಂತೆ. ಗೆಳೆಯರ ಹೆಂಟೆ ಹಾಲಿನಲ್ಲಿ ಅದ್ದಿದ ರಸ್ಕಿನ ಹಾಗೆ ಕುಸಿಯಿತು. ಇವರದು ಕೊಂಚ ಹೊತ್ತು ತಡೆದು ಆಮೇಲೆ ಅದೇ ದಾರಿ ಹಿಡಿಯಿತು.

"ಎರಡಕ್ಕಿಂತ ಮೂರು ದೊಡ್ಡದು. ಗೆದ್ದಿದ್ದೀರಿ ತಾನೆ ಸಾರ್" ಎಂದರು ಗೆಳೆಯರು. ಗೇಲಿಯೋ ನಿಜವೋ ಗೊತ್ತಾಗಲಿಲ್ಲ.

"ಇದು ಗೆಲುವಾ?" ಎಂದರು ಇವರು.

ಮಗಳು, "ಇರಿ, ಯಾರೂ ಏನೂ ಮಾಡದ ಜಾಗ ಒಂದು ನೋಡಬೇಕು. ಇಲ್ದಿದ್ರೆ ಎರಡೂ ಯಾವುದರ ಮುಂದೆ ಹೆಚ್ಚು, ಯಾವುದರ ಮುಂದೆ ಕಡಿಮೆ ಅಂತ ಹೇಗೆ ಹೇಳೋದು?" ಎಂದು ಬದುವನ್ನು ತೋರಿಸಿದಳು. ನಾನು ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದುದು ಅದರ ಮೇಲೆಯೇ. ಎದ್ದೆ.

ಅಲ್ಲಿ ಸಲಿಕೆ ಇಳಿಸಿದಾಗ ಬೇರೆ ಸದ್ದು ಬಂತು, ಬೇರು ಹರಿಯುವ ಸದ್ದು. ಮಣ್ಣು ಮುದ್ದೆ ಮುದ್ದೆಯಾಗಿ ಎದ್ದಿತು. ಹಾಳೆಯ ಮೇಲೆ ಹರಡುವ ಮೊದಲೇ ಹುಳಗಳು ಕಾಣುತ್ತಿದ್ದವು. ಜೊತೆಗೆ ಒಂದು ಸಹಸ್ರಪದಿ, ಬಿಳಿ ಚುಕ್ಕಿಯಂಥ ಏನೇನೋ ಹಾರುವ ಸಣ್ಣವು, ಒಂದು ಗೊಬ್ಬರದ ಹುಳದ ಮರಿ. ಗುಂಡಿಗೆ ಸಾಸಿವೆ ನೀರು ಬಿದ್ದದ್ದೇ ತಡ, ಒಂದರ ಹಿಂದೆ ಒಂದು ತಲೆ ಎತ್ತಿದವು. ಮಗಳು ಇಪ್ಪತ್ತರವರೆಗೆ ಎಣಿಸಿ, ಸಾಕು, ಪಾಪ, ಎಂದು ತೊಳೆಯಲು ಶುರುಮಾಡಿದಳು. ಆ ಮಣ್ಣಿನ ಹೆಂಟೆ ನಮ್ಮ ಊಟ ಮುಗಿಯುವವರೆಗೂ ಲೋಟದಲ್ಲಿ ಹಾಗೆಯೇ ಕೂತಿತ್ತು, ನೀರು ತಿಳಿಯಾಗಿತ್ತು.

"ಸಾರ್, ನಿಮ್ಮದೂ ಇಲ್ಲ, ನಮ್ಮದೂ ಇಲ್ಲ. ವರಪ್ಪು ಗೆದ್ದಿದೆ" ಎಂದು ಗೆಳೆಯರು ಬದುವನ್ನು ಕಾಲಿನಿಂದ ತಟ್ಟಿದರು.

"ಒಂದೊಂದು ಗುಂಡಿ ನೋಡಿ ತೀರ್ಪು ಕೊಡಕ್ಕಾಗಲ್ಲ ಅಂಕಲ್" ಎಂದಳು ಮಗಳು. "ಆದ್ರೆ ಬದುವಿಗೆ ಟಿಲ್ಲರ್ ಹತ್ತಿಲ್ಲ. ಅದೊಂದು ನಿಜ. ನೀವಿಬ್ಬರೂ ಬೇರೆ ಬೇರೆ ಹಾಕಿದ್ರಿ, ಆದ್ರೆ ಉಳೋದು ಒಂದೇ ಥರ ಉತ್ರಿ."

ಇವರು ತಮ್ಮ ಚೊಕ್ಕಟ ಸಾಲುಗಳನ್ನು ನೋಡುತ್ತಿದ್ದರು. ಅದನ್ನು ಅಷ್ಟು ಚೊಕ್ಕಟವಾಗಿಡಲು ಎಷ್ಟು ಬೆಳಗುಗಳು ಹೋಗಿದ್ದವೆಂದು ನನಗೆ ಗೊತ್ತು. ಬನಿಯನ್ನಿನ ಮಣ್ಣು ಒಗೆದದ್ದು ನಾನೇ.

ಗೆಳೆಯರು ಉಪ್ಪಿನಕಾಯಿ ನೆಕ್ಕುತ್ತಾ ವ್ಯವಹಾರಕ್ಕೆ ಇಳಿದರು. "ಹೀಗೆ ಮಾಡೋಣ ಸಾರ್. ಟಿಲ್ಲರ್ ಬೇಡ. ಕಳೆ ಕಿತ್ತು ಅಲ್ಲೇ ಹೊದಿಸೋಣ. ಕಷಾಯವೂ ಇರಲಿ. ಬದನೆಗೆ ಮಾತ್ರ, ಹೂ ಬಿಡೋ ಹೊತ್ತಿಗೆ, ಒಂದು ಸ್ವಲ್ಪ ಯೂರಿಯಾ. ಸ್ವಲ್ಪ ದಾನ್, ಸ್ವಲ್ಪವೇ. ಅದಿಲ್ದೆ ನನ್ನ ಕೈಲಿ ಆಗಲ್ಲ, ನನಗೆ ಕಾಯಿ ನೋಡಬೇಕು. ಆ ಅಮ್ಮನಿಗೆ ಸಾಯಂಕಾಲ ಏನಂತ ಹೇಳಲಿ?"

ಇವರು ಸಲಿಕೆ ಎತ್ತಿಕೊಂಡರು. ಮೂರೂ ಗುಂಡಿ ಮುಚ್ಚಿದರು. ಬದುವಿನ ಗುಂಡಿಯ ಮೇಲೆ ಹುಲ್ಲಿನ ಹೆಂಟೆಯನ್ನು ಮತ್ತೆ ಮೊದಲಿನಂತೆ ಕೂರಿಸಿ ನೀರು ಚಿಮುಕಿಸಿದರು. ಬೆಂಡೆಕಾಯಿ ಕೊಯ್ದರು, ಎರಡೂ ಪಾಲಿನದನ್ನೂ ಒಂದೇ ಚೀಲಕ್ಕೆ ಹಾಕಿದ್ದರಿಂದ ಯಾವುದು ಯಾರದೆಂದು ಆಮೇಲೆ ತಿಳಿಯಲಿಲ್ಲ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಾ ಬಂದರು. ಪೆರಂಬೂರಿನಲ್ಲಿ ಇಳಿದು ಬೀದಿ ಬೇರೆಯಾಗುವ ಕಡೆ ಗೆಳೆಯರು, "ಫೋನ್ ಮಾಡ್ತೀನಿ ಸಾರ್" ಎಂದಷ್ಟೇ ಹೇಳಿದರು.

ಮನೆಗೆ ಬಂದು ಕಾಲು ತೊಳೆದವರು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಕುಕ್ಕರಿಗೆ ಅಕ್ಕಿ ಹಾಕುತ್ತಿದ್ದೆ. ಗ್ಯಾಸ್ಕೆಟ್ಟಿನ ಕಡೆ ಒಮ್ಮೆ ನೋಡಿದರು. ನಾನು ಮುಚ್ಚಳವನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡೆ.

"ಏನೇ, ಹಳೇ ಪಂಚೆ ಇನ್ನೊಂದು ಇದೆಯಾ?"

"ಇದೆ. ಯಾಕ್ರೀ?"

"ಈ ಸಲ ಟಿಲ್ಲರ್ ಇಲ್ದೆ ಹೇಗೆ ಕರಗತ್ತೆ ನೋಡಬೇಕು. ನೀನೇ ಎತ್ತಿಡು. ಅಮ್ಮನ ಕೈಗೆ ಸಿಗದ ಹಾಗೆ."

"ಯೂರಿಯಾ?"

"ಸ್ವಲ್ಪ ಅಂದಿದ್ದಾರಲ್ಲ" ಎಂದು ಹೇಳಿ, ಹಜಾರಕ್ಕೆ ಹೋಗಿ ಗೆಳೆಯರಿಗೆ ಫೋನ್ ಮಾಡಿದರು. ಚಮಚದ ಲೆಕ್ಕದಲ್ಲಿ ಹಾಕಬೇಕು, ಹಿಡಿಯ ಲೆಕ್ಕದಲ್ಲಲ್ಲ, ಎಂದು ಎರಡು ಸಲ ಹೇಳಿದ್ದು ಕೇಳಿಸಿತು. ಆ ಕಡೆಯಿಂದ ನಗು ಕೇಳಿಸಿತು. ತ್ರಿಪ್ಲಿಕೇನಿನ ಅಮ್ಮನಿಗೆ ಗೆಳೆಯರೇ ಹೇಳಿದರು. ಆಕೆ, ಇನ್ನು ಮೇಲೆ ಒಬ್ಬರೇ ಫೋನ್ ಮಾಡಿ, ಎಂದಷ್ಟೇ ಅಂದರಂತೆ.

ಅತ್ತೆ ನನ್ನನ್ನು ಕರೆದು, "ಎಷ್ಟು ಹುಳ ಸಿಕ್ತು?" ಎಂದು ಕೇಳಿದರು. ಹೇಳಿದೆ. "ಬದುವಿನಲ್ಲಿ ಅಷ್ಟೊಂದಾ? ಅಲ್ಲಿಗೆ ಯಾರು ಗಂಜಿ ಹಾಕಿದ್ರು?" ಎಂದರು. ಈ ಸಲ ಅವರಿಗೆ ಎಲ್ಲ ತಿಳಿದಿತ್ತು.

ರಾತ್ರಿಗೆ ಅನ್ನ, ಬೆಂಡೆಕಾಯಿ ಪಲ್ಯ, ಉಳಿದಿದ್ದ ಸಾಸಿವೆ ಪುಡಿಗೆ ಕಾಯಿ ಸೇರಿಸಿ ರುಬ್ಬಿ ಮೊಸರು ಬೆರೆಸಿದ ಸೌತೆಕಾಯಿ ಸಾಸಿವೆ. ಮಗಳು ಎರಡು ಸಲ ಹಾಕಿಸಿಕೊಂಡಳು. ಅತ್ತೆಗೆ ಮಜ್ಜಿಗೆ ಅನ್ನ. ದಿನವೂ ಮೊದಲು ಮಲಗುವವರು ಅತ್ತೆ. ಅವತ್ತು ಅವರು ಇನ್ನೂ ಟಿವಿಯ ಮುಂದೆ ಕೂತಿರುವಾಗಲೇ ಇವರು ಗಂಜಿ ಹಾಕಿದ ದಿಂಬಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು.